ಐದು ದೊಡ್ಡದೋ, ಆರೂವರೆ ದೊಡ್ಡದೋ

ಹೋದ ಬೇಸಿಗ್ಯಾಗೆ ನಮ್ಮ ತವರುಮನ್ಯಾಗೆ ಅಪ್ಪಾಜಿಗೂ ನನ್ನ ತಮ್ಮನಿಗೂ ಹನ್ನೊಂದು ದಿನ ಮಾತು ಬಿಟ್ಟಿತ್ತು. ಆಸ್ತಿ ಜಗಳ ಅಲ್ಲ, ಸೊಸೆ ಜಗಳ ಅಲ್ಲ. ಎರಡು ನಂಬರಿನ ಜಗಳ. ಅಪ್ಪಾಜಿದು ಐದು, ತಮ್ಮಂದು ಆರೂವರೆ. ಯಾವುದು ದೊಡ್ಡದು ಅಂತ ಒಂದನೇ ಕ್ಲಾಸಿನ ಹುಡುಗನ್ನ ಕೇಳಿದ್ರೂ ಹೇಳ್ತಾನೆ. ಆದ್ರೆ ಹೊಲದಾಗೆ ನಿಂತು ನೋಡಿದ್ರೆ ಐದೇ ದೊಡ್ಡದಾಗಿ ಕಾಣ್ತಿತ್ತು. ಅದು ಯಾಕೆ ಅಂತ ತಿಳಿಯೋಕೆ ನಮ್ಮನೆ ಮಂದಿಯೆಲ್ಲ ಸೇರಿ ಒಂದು ವಾರ ತಲೆ ಕೆಡಿಸಿಕೊಂಡ್ವಿ. ಆ ಕಥೆನೇ ಇದು.

ನಮ್ಮ ಹೊಲ ಇರೋದು ಹರಿಹರ ತಾಲೂಕಿನಾಗೆ, ಭದ್ರಾ ಚಾನಲ್ಲಿನ ಕೊನೆ ಭಾಗದಾಗೆ. ಕೊನೆ ಭಾಗ ಅಂದ್ರೆ ಗೊತ್ತಲ್ಲ, ಮೇಲಿನವರೆಲ್ಲ ಉಂಡು ಕೈ ತೊಳೆದ ಮೇಲೆ ನಮಗೆ ನೀರು. ಬೇಸಿಗೆ ಭತ್ತ ಹಾಕಿದ ವರ್ಷ ತೆನೆ ಹೊರಡೋ ಹೊತ್ತಿಗೇ ನೀರು ಸೊರಗ್ತೈತಿ. ಆಗ ನಮ್ಮ ಹೊಲದ ಪಕ್ಕದ ಹಳ್ಳದಾಗೆ ನಿಂತ ನೀರನ್ನ ಎತ್ತಿ ಹಾಯಿಸಬೇಕು. ಹಳ್ಳದ ದಂಡೆಗೆ ಕರೆಂಟಿನ ಕಂಬ ಇಲ್ಲ. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಸರ್ಕಾರ ಪುಕ್ಕಟೆ ಕರೆಂಟ್ ಕೊಟ್ರೂ ನಮಗೆ ಆ ಜಾಗದಾಗೆ ಎಂಜಿನ್ನೇ ಗತಿ.

ಆ ಎಂಜಿನ್ನು ಅಪ್ಪಾಜಿ 1978ರಾಗೆ ತಂದಿದ್ದು. ನಮ್ಮ ಕಡೆ 'ಪೀಟರ್ ಎಂಜಿನ್' ಅಂತಾರಲ್ಲ, ಅದೇ ಜಾತಿದು. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್. ಹಿತ್ತಾಳೆ ತಗಡಿನ ಮೇಲೆ ಕೆತ್ತೈತಿ: 5 ಎಚ್‌ಪಿ, 1500 ಆರ್‌ಪಿಎಂ. ಎತ್ತಬೇಕಾದ್ರೆ ನಾಲ್ಕು ಆಳು ಬೇಕು. ಚಾಲೂ ಮಾಡೋಕೆ ಹ್ಯಾಂಡಲ್ ಹಾಕಿ ತಿರುವಬೇಕು, ತಿರುವಿ ತಿರುವಿ ಗಾಲಿಗೆ ವೇಗ ಬಂದ ಮೇಲೆ ಲಿವರ್ ಬಿಡಬೇಕು. ಆಮೇಲೆ ಡಗ್ ಡಗ್ ಡಗ್ ಅಂತ ಶುರುವಾದ್ರೆ ನಮ್ಮೂರಿನ ಅಗಸಿ ತನಕ ಕೇಳ್ತಿತ್ತು. ಆ ಸಪ್ಪಳ ಕೇಳಿದ್ರೆ ಅವ್ವ "ನಿಮ್ಮಪ್ಪ ಬರೋದು ಇನ್ನು ಮೂರು ತಾಸು" ಅಂತ ರೊಟ್ಟಿ ಹಂಚು ಕೆಳಗಿಳಿಸ್ತಿದ್ಲು.

ಅಪ್ಪಾಜಿಗೆ ಈಗ ಎಪ್ಪತ್ತೆಂಟು. ಹ್ಯಾಂಡಲ್ ತಿರುವೋ ಶಕ್ತಿ ಇಲ್ಲ. ತಮ್ಮನಿಗೆ ಎರಡು ವರ್ಷದ ಹಿಂದೆ ಹ್ಯಾಂಡಲ್ ಹಿಂದಕ್ಕೆ ಒದ್ದು ಭುಜ ಇಳಿದಿತ್ತು. ಅದಕ್ಕೆ ಅವನು ಸೊಸೈಟಿ ಸಾಲದ ಜೊತೆ ಕೈಯಿಂದ ಒಂದಿಷ್ಟು ಹಾಕಿ ಹೊಸ ಪೆಟ್ರೋಲ್ ಎಂಜಿನ್ ತಂದ. ಕೆಂಪು ಬಣ್ಣ, ಹಗ್ಗ ಎಳೆದ್ರೆ ಚಾಲೂ, ಒಬ್ಬನೇ ಎತ್ತಿ ಗಾಡಿ ಹಿಂದೆ ಇಟ್ಟುಕೊಂಡು ಹೋಗಬಹುದು. ಮೇಲೆ ದೊಡ್ಡ ಅಕ್ಷರದಾಗೆ ಬರೆದಿತ್ತು: 6.5 ಎಚ್‌ಪಿ. ಅವನ ಲೆಕ್ಕ ಸರಳ ಇತ್ತು. ಐದು ಎಚ್‌ಪಿ ಇಷ್ಟು ನೀರು ಎತ್ತಿದ್ರೆ, ಆರೂವರೆ ಇನ್ನೂ ಜಾಸ್ತಿ ಎತ್ತಬೇಕು. ಹಳೆಯದನ್ನ ಗುಜರಿಯವರಿಗೆ ತೂಕಕ್ಕೆ ಹಾಕಿಬಿಡೋಣ ಅಂತ ಮಾತೂ ಆಡಿ ಬಂದಿದ್ದ.

ಹೊಸ ಎಂಜಿನ್ನನ್ನ ಹಳೇ ಪಂಪಿಗೆ ಬೆಲ್ಟ್ ಹಾಕಿ ಕೂಡಿಸಿದ್ರು. ಚಾಲೂ ಆಯ್ತು. ಬರೇ ಎಂಜಿನ್ ಓಡುವಾಗ ಜುಂಯ್ ಅಂತಿದ್ದದ್ದು, ಪಂಪಿನ ಭಾರ ಬಿದ್ದ ಕೂಡಲೇ ಗುಂಯ್ ಅಂತ ದನಿ ಇಳಿಸಿ ನರಳೋಕೆ ಹತ್ತಿತು. ನೀರು ಬಂತು, ಆದ್ರೆ ಪೈಪಿನ ಬಾಯಿ ತುಂಬಲಿಲ್ಲ. ದಿನವಿಡೀ ಓಡಿಸಿದ್ರೂ ಕೆಳಗಿನ ಮಡಿಗೆ ನೀರು ಮುಟ್ಟಲಿಲ್ಲ. ಹಾಲುಗಾಳು ಕಟ್ಟೋ ಹೊತ್ತು ನೋಡ್ರಿ, ಆ ಏಳೆಂಟು ದಿನ ನೀರು ತಪ್ಪಿದ್ರೆ ತೆನೆ ಜೊಳ್ಳಾಗ್ತೈತಿ. ಮೂರು ಎಕರೆ ಭತ್ತ, ಅದರ ಮೇಲೆ ಸಾಲ.

ಅಪ್ಪಾಜಿ ಅಂದ್ರಂತೆ, "ಆಟದ ಸಾಮಾನು ತಂದೀಯ. ನಂಬರ್ ಬರೆದ್ರೆ ಕುದುರೆ ಆಗ್ತೈತೇನಲೇ?" ತಮ್ಮ ಅಂದ್ನಂತೆ, "ನಲವತ್ತು ವರ್ಷದ ಕಬ್ಬಿಣ ಇಟ್ಕಂಡು ನೀವೇ ಪೂಜೆ ಮಾಡ್ರಿ." ಅಲ್ಲಿಗೆ ಮಾತು ನಿಂತಿತು. ಊಟಕ್ಕೆ ಕರೆಯೋದೂ ಮೊಮ್ಮಗನ ಕೈಲಿ.

ಇಬ್ಬರೂ ಬೇರೆ ಬೇರೆಯಾಗಿ ನನಗೆ ಫೋನ್ ಮಾಡಿದ್ರು. ನಾನು ಎಂ.ಸಿ.ಸಿ. ಬಡಾವಣೆಯ ಅಡುಗೆಮನ್ಯಾಗೆ ನಿಂತು ಎರಡೂ ಕಡೆ "ಹೂಂ, ಹೂಂ" ಅಂದೆ. ಫೋನ್ ಇಟ್ಟ ಮೇಲೆ ಯೋಚನೆ ಬಂತು. ಹುಟ್ಟಿದಾಗಿಂದ ಈ ಎಚ್‌ಪಿ ಅನ್ನೋ ಮಾತು ಕೇಳ್ತಾನೇ ಇದೀನಿ. ಹಿಟ್ಟಿನ ಗಿರಣಿದು ಏಳೂವರೆ ಎಚ್‌ಪಿ. ನಮ್ಮನೆ ಸಂಪಿನ ಮೋಟರು ಅರ್ಧ ಎಚ್‌ಪಿ. ಆದ್ರೆ ಒಂದು ಎಚ್‌ಪಿ ಅಂದ್ರೆ ಎಷ್ಟು ಅಂತ ಒಂದು ದಿನವೂ ಕೇಳಿಲ್ಲ. ಶಾಲ್ಯಾಗೆ 'ಅಶ್ವಶಕ್ತಿ' ಅಂತ ಬಾಯಿಪಾಠ ಮಾಡಿದ್ದೆ, ಅಷ್ಟೇ.

ನಮ್ಮ ಮಗಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದ್ತಾಳೆ. ಅವತ್ತು ಸಂಜೆ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟು, "ನಿನ್ನ ಪುಸ್ತಕದ ಭಾಷೆ ಬ್ಯಾಡ, ನನಗೆ ತಿಳಿಯೋ ಹಂಗೆ ಹೇಳು" ಅಂದೆ.

ಅವಳು ಕೊಡದಿಂದ ಶುರು ಮಾಡಿದ್ಲು. "ಅಮ್ಮ, 75 ಕೆಜಿ ಭಾರವನ್ನ ಒಂದು ಸೆಕೆಂಡಿನಾಗೆ ಒಂದು ಮೀಟರ್ ಮೇಲಕ್ಕೆ ಎತ್ತಿದ್ರೆ ಅದು ಒಂದು ಎಚ್‌ಪಿ. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ. ಹದಿನೈದು ಲೀಟರಿನ ಐದು ಕೊಡ ತಗೋ. ಐದನ್ನೂ ಒಂದೇ ಸೆಕೆಂಡಿನಾಗೆ ನೆಲದಿಂದ ಒಂದು ಮೀಟರ್ ಎತ್ತಿಡು. ಅದು ಒಂದು ಕುದುರೆ."

"ಎರಡು ಸೆಕೆಂಡ್ ತಗಂಡ್ರೆ?"

"ಅರ್ಧ ಕುದುರೆ. ಕೆಲಸ ಅದೇ, ಹೊತ್ತು ಜಾಸ್ತಿ ಆಯ್ತಲ್ಲ."

ಇದು ನನಗೆ ಹೊಸದು. ಪವರ್ ಅಂದ್ರೆ ಬಲ ಅಂತ ತಿಳಿದಿದ್ದೆ. ಬಲ ಅಲ್ಲವಂತೆ, ಕೆಲಸ ಎಷ್ಟು ಬೇಗ ಆಗ್ತೈತಿ ಅನ್ನೋ ಲೆಕ್ಕವಂತೆ. ಆನೆ ನಿಧಾನಕ್ಕೆ ಎಳೆದ್ರೂ ಇಲಿಗಳ ಹಿಂಡು ಓಡೋಡಿ ಎಳೆದ್ರೂ ಹೊತ್ತಿಗೆ ಆದ ಕೆಲಸ ಒಂದೇ ಆದ್ರೆ ಎಚ್‌ಪಿ ಒಂದೇ.

ಕುದುರೆ ಇದರಾಗೆ ಹೆಂಗೆ ಬಂತು ಅಂತಾನೂ ಹೇಳಿದ್ಲು. ಜೇಮ್ಸ್ ವಾಟ್ ಹದಿನೆಂಟನೇ ಶತಮಾನದ ಕೊನೆಗೆ ಇಂಗ್ಲೆಂಡಿನಾಗೆ ತನ್ನ ಉಗಿ ಎಂಜಿನ್ ಮಾರ್ತಿದ್ದ. ಹಳೇ ಎಂಜಿನ್ ಇದ್ದ ಗಣಿಯವರ ಹತ್ರ ವ್ಯಾಪಾರ ಸುಲಭ: ನನ್ನ ಎಂಜಿನ್ನಿಂದ ಎಷ್ಟು ಕಲ್ಲಿದ್ದಲು ಉಳೀತೈತೋ ಅದರಾಗೆ ಮೂರನೇ ಒಂದು ಪಾಲು ನನಗೆ ಕೊಡ್ರಿ ಅಂತಿದ್ದ. ಆದ್ರೆ ಕುದುರೆ ಕಟ್ಟಿ ಗಿರಣಿ ತಿರುಗಿಸೋರ ಹತ್ರ ಕಲ್ಲಿದ್ದಲೇ ಇಲ್ಲ. ಅವರು ಕೇಳೋದು ಒಂದೇ ಮಾತು, "ನಿನ್ನ ಯಂತ್ರ ನನ್ನ ಎಷ್ಟು ಕುದುರೆ ಕೆಲಸ ಮಾಡ್ತೈತಿ?" ಅದಕ್ಕೆ ವಾಟ್ ಗಿರಣಿ ಕುದುರೆಯ ಲೆಕ್ಕ ಹಾಕಿದ. ನಮ್ಮ ಗಾಣದ ಎತ್ತಿನ ಹಂಗೇ ಅದೂ ಸುತ್ತು ಹೊಡೀತಿತ್ತು. ನಡುಗಂಬದಿಂದ 12 ಅಡಿ ದೂರ, ತಾಸಿಗೆ 144 ಸುತ್ತು, 180 ಪೌಂಡಿನ ಎಳೆತ. ಗುಣಿಸಿದ್ರೆ ನಿಮಿಷಕ್ಕೆ 32,572 ಅಡಿ-ಪೌಂಡ್ ಬರ್ತೈತಿ. ಅದನ್ನ ಸರಿಮಾಡಿ 33,000 ಅಂತ ಇಟ್ಟ. ಇಂಗ್ಲಿಷ್ ಕುದುರೆ ಅಂದ್ರೆ ಇವತ್ತಿಗೂ ಅದೇ. ದಿನವಿಡೀ ದುಡಿಯೋ ಸಾಮಾನ್ಯ ಕುದುರೆಗೆ ಅಷ್ಟು ಆಗಾಕಿಲ್ಲ ಅಂತಾರೆ. ಆದ್ರೆ ವ್ಯಾಪಾರಿಗೆ ಅದರಿಂದ ಕೆಟ್ಟದ್ದೇನಿಲ್ಲ. ಕೊಂಡವನಿಗೆ ಹೇಳಿದ್ದಕ್ಕಿಂತ ಜಾಸ್ತಿನೇ ಕೆಲಸ ಸಿಕ್ಕಂಗಾಯ್ತು.

ಕುದುರೆಯಾಗೂ ಎರಡು ಜಾತಿ. ಇಂಗ್ಲಿಷ್ ಕುದುರೆ 746 ವ್ಯಾಟ್. ಯೂರೋಪಿನ ಮೀಟರ್-ಕೆಜಿ ಕುದುರೆ, ಆ ಐದು ಕೊಡದ ಲೆಕ್ಕದ್ದು, 735.5 ವ್ಯಾಟ್. ಬೈಕಿನ ಜಾಹೀರಾತಿನಾಗೆ 'ಪಿಎಸ್' ಅಂತ ಬರೀತಾರಲ್ಲ, ಅದು ಈ ಎರಡನೇದು. ಮೊದಲನೇದನ್ನ 'ಬಿಎಚ್‌ಪಿ' ಅಂತಾರೆ. ಒಂದೇ ಎಂಜಿನ್ನು 100 ಕಿಲೋವ್ಯಾಟ್ ಇದ್ರೆ 134 ಬಿಎಚ್‌ಪಿ ಅಂತಾನೂ ಬರೀಬಹುದು, 136 ಪಿಎಸ್ ಅಂತಾನೂ ಬರೀಬಹುದು. ಸಣ್ಣ ಕುದುರೆಯಿಂದ ಅಳೆದ್ರೆ ಲೆಕ್ಕ ದೊಡ್ಡದಾಗಿ ಕಾಣ್ತೈತಿ. ಅಂಗಡ್ಯಾಗೆ ಸಣ್ಣ ಸೇರಿನಾಗೆ ಅಳೆದು "ಐದು ಸೇರು ಆತು ನೋಡವ್ವ" ಅಂದ ಹಂಗೆ. ವ್ಯಾಟ್ ಅನ್ನೋ ಹೆಸರೂ ಆ ಜೇಮ್ಸ್ ವಾಟನದೇ.

ಮಾತು ಕೇಳಿದ್ರೆ ಸಾಲದು, ನೋಡಬೇಕು ಅನ್ನಿಸ್ತು. ಮರುದಿನ ಬೆಳಿಗ್ಗೆ ಮೇಲಿನ ಟ್ಯಾಂಕು ಖಾಲಿಯಾದಾಗ ಗಡಿಯಾರ ಹಿಡಕಂಡು ಕೂತೆ. ಸಾವಿರ ಲೀಟರಿನ ಟ್ಯಾಂಕು. ಸಂಪಿನ ನೀರಿಂದ ಟ್ಯಾಂಕಿನ ಬಾಯಿ ತನಕ ಸುಮಾರು ಹತ್ತು ಮೀಟರ್. ತುಂಬಿ ಹೊರಗೆ ಸುರಿಯೋಕೆ 18 ನಿಮಿಷ ಹಿಡೀತು. ಲೆಕ್ಕ ನಾನೇ ಹಾಕಿದೆ, ಮಗಳು ಪಕ್ಕಕ್ಕೆ ಕೂತು ನೋಡಿದ್ಲು. ಸಾವಿರ ಕೆಜಿ, ಹತ್ತು ಮೀಟರ್, ಗುಣಿಸಿದ್ರೆ ಹತ್ತು ಸಾವಿರ. 18 ನಿಮಿಷಕ್ಕೆ 1080 ಸೆಕೆಂಡ್. ಭಾಗಿಸಿದ್ರೆ ಸೆಕೆಂಡಿಗೆ ಒಂಬತ್ತು ಚಿಲ್ಲರೆ. ಅದನ್ನ 75ರಿಂದ ಭಾಗಿಸಿದ್ರೆ ಒಂದು ಎಚ್‌ಪಿಯ ಎಂಟನೇ ಒಂದು ಪಾಲು!

"ಮೋಟರ್ ಮೇಲೆ ಅರ್ಧ ಅಂತ ಬರೆದೈತಲ್ಲೇ. ಮೋಸ ಅಲ್ಲೇನು?"

"ಮೋಸ ಅಲ್ಲಮ್ಮ. ಅರ್ಧ ಅನ್ನೋದು ಮೋಟರಿನ ದಂಡದಾಗೆ ಸಿಗೋದು, ಅದೂ ಪೂರ್ತಿ ದುಡಿದಾಗ. ಅಲ್ಲಿಂದ ಪಂಪಿನ ಚಕ್ರದಾಗೆ, ಪೈಪಿನಾಗೆ, ಬೆಂಡಿನಾಗೆ ಸೋರಿ, ಟ್ಯಾಂಕಿಗೆ ಬರೋ ನೀರಿಗೆ ಉಳಿಯೋದು ಇಷ್ಟು. ನಂಬರ್ ಕೇಳಿದಾಗ ಎಲ್ಲಿ ಅಳೆದದ್ದು ಅಂತಾನೂ ಕೇಳಬೇಕು."

ಆಮೇಲೆ ಅಡುಗೆಮನೆ ಮಿಕ್ಸರ್ ತೋರಿಸಿದ್ಲು. ಅದರ ಮೇಲೆ 750 ವ್ಯಾಟ್ ಅಂತ ಬರೆದೈತಿ. ಹತ್ತಿರ ಹತ್ತಿರ ಒಂದು ಎಚ್‌ಪಿ. ಸಂಪಿನ ಮೋಟರಿಗಿಂತ ಚಟ್ನಿ ಮಿಕ್ಸರ್ ಎರಡು ಪಟ್ಟು ಅಂದಂಗಾಯ್ತು! ಆದ್ರೆ ಮಿಕ್ಸರಿನ ಮೇಲೆ ಬರೆಯೋದು ಅದು ಕರೆಂಟ್ ಎಷ್ಟು ತಿಂತೈತಿ ಅನ್ನೋದನ್ನ, ಮೋಟರಿನ ಮೇಲೆ ಬರೆಯೋದು ದಂಡಕ್ಕೆ ಎಷ್ಟು ಕೊಡ್ತೈತಿ ಅನ್ನೋದನ್ನ. ಒಬ್ಬನ ಊಟವನ್ನ ಇನ್ನೊಬ್ಬನ ದುಡಿಮೆ ಜೊತೆ ತೂಗಿದ್ರೆ ನ್ಯಾಯ ಹೆಂಗೆ ಆಗ್ತೈತಿ?

ಎಂಜಿನ್ನಿನ ದುಡಿಮೆಯನ್ನ ದಂಡದಾಗೆ ಹೆಂಗೆ ಅಳೀತಾರೆ ಅಂತ ಕೇಳಿದೆ. ಅವರ ಕಾಲೇಜಿನ ಲ್ಯಾಬಿನಾಗೂ ನಮ್ಮ ಅಪ್ಪಾಜಿದರ ಹಂಗೇ ಒಂದು ಸಿಲಿಂಡರಿನ ಡೀಸೆಲ್ ಎಂಜಿನ್ ಐತಂತೆ. ಅದರ ಡ್ರಮ್ಮಿಗೆ ಹಗ್ಗ ಸುತ್ತಿ, ಒಂದು ತುದಿಗೆ ತೂಕ ಕಟ್ಟಿ, ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿ ಹಾಕ್ತಾರೆ. ಡ್ರಮ್ಮು ತಿರುಗ್ತೈತಿ, ಹಗ್ಗ ಅದನ್ನ ಹಿಡೀತೈತಿ. ನನಗೆ ತಟ್ಟನೆ ಅವ್ವನ ಕಡಗೋಲು ನೆನಪಾಯ್ತು. ಕಂಬಕ್ಕೆ ಕಟ್ಟಿದ ಕಡಗೋಲಿಗೆ ಹಗ್ಗ ಸುತ್ತಿ ಮಜ್ಜಿಗೆ ಕಡೆಯುವಾಗ ಹಗ್ಗ ಕೋಲನ್ನ ತಿರುಗಿಸ್ತಿತ್ತು. ಇಲ್ಲಿ ಉಲ್ಟಾ, ಹಗ್ಗ ಎಂಜಿನ್ನಿಗೆ ಅಡ್ಡ ಹಿಡೀತೈತಿ. ಒಂದು ಕಡೆ 12 ಕೆಜಿ, ಇನ್ನೊಂದು ಕಡೆ ತಕ್ಕಡಿ 2 ಕೆಜಿ ತೋರಿಸಿದ್ರೆ, ಎಂಜಿನ್ ಸೆಣಸ್ತಾ ಇರೋದು 10 ಕೆಜಿ ಜೊತೆ. ಡ್ರಮ್ಮಿನ ಮೈ ಸೆಕೆಂಡಿಗೆ 30 ಮೀಟರ್ ಓಡಿದ್ರೆ, ಹತ್ತು ಗುಣಿಸು ಮೂವತ್ತು, ಮುನ್ನೂರು. ಭಾಗಿಸು ಎಪ್ಪತ್ತೈದು. ನಾಲ್ಕು ಎಚ್‌ಪಿ. ಹಿಂಗೆ ಬ್ರೇಕ್ ಹಾಕಿ ಅಳೆಯೋದಕ್ಕೇ ಅದಕ್ಕೆ 'ಬ್ರೇಕ್ ಹಾರ್ಸ್ ಪವರ್', ಬಿಎಚ್‌ಪಿ ಅಂತ ಹೆಸರು. ಇದರ ಮೂಲ 1821ರಾಗೆ ಫ್ರಾನ್ಸಿನ ಪ್ರೋನಿ ಅನ್ನೋ ಇಂಜಿನಿಯರ್ ಮಾಡಿದ ಮರದ ಬ್ರೇಕು. ಅಳೀತಾ ಇದ್ದಂಗೆ ಆ ಶಕ್ತಿಯೆಲ್ಲ ಶಾಖ ಆಗ್ತೈತಂತೆ. ಡ್ರಮ್ಮಿಗೆ ನೀರು ಬಿಡ್ತಾ ಇರಬೇಕು, ಇಲ್ಲಾಂದ್ರೆ ಹಗ್ಗ ಸುಟ್ಟ ವಾಸನೆ.

ಭಾನುವಾರ ನಾವು ಮೂವರೂ ಊರಿಗೆ ಹೋದ್ವಿ. ನಮ್ಮ ಮನೆಯವರಿಗೆ ಈ ವಿಷಯ ಅಂದ್ರೆ ಹಬ್ಬ. ಅವರು ವಯಸ್ಸಿನಾಗೆ ಹರಿಹರದ ಮೈಸೂರು ಕಿರ್ಲೋಸ್ಕರಿನಾಗೆ ಟರ್ನರ್ ಆಗಿದ್ದೋರು. 1941ರಾಗೆ ಶುರುವಾದ ಕಾರ್ಖಾನೆ. ಅಲ್ಲಿನ ಲೇತ್ ಅಂದ್ರೆ ದೇಶದಾಗೆಲ್ಲ ಹೆಸರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆದ್ರೂ ಅವರ ಮಾತಿನಾಗೆ ಇನ್ನೂ ಸೈರನ್ ಹೊಡೀತೈತಿ. ಯಾರದೋ ವರ್ಕ್‌ಶಾಪಿನಿಂದ ಒಂದು ಟ್ಯಾಕೋಮೀಟರ್ ಇಸಕಂಡು ಬಂದಿದ್ರು. ದಂಡ ನಿಮಿಷಕ್ಕೆ ಎಷ್ಟು ಸುತ್ತು ಹೊಡೀತೈತಿ ಅಂತ ತೋರಿಸೋ ಯಂತ್ರ ಅದು.

ಹೊಲದ ತಲೆಗೆ ಅಪ್ಪಾಜಿ ಕಟ್ಟಿಸಿದ ಸಿಮೆಂಟಿನ ತೊಟ್ಟಿ ಐತಿ. ಎರಡು ಮೀಟರ್ ಉದ್ದ, ಒಂದೂವರೆ ಅಗಲ, ಒಂದು ಮೀಟರ್ ಆಳ. ಮೂರು ಸಾವಿರ ಲೀಟರ್. ಹಳ್ಳದ ನೀರಿಂದ ತೊಟ್ಟಿಯ ಬಾಯಿಗೆ ಎಂಟು ಮೀಟರ್. ಅಲ್ಲಿ ಹಗ್ಗ ಕಟ್ಟಿ ತೂಕ ನೇತುಹಾಕೋ ಸಾಹಸ ಬ್ಯಾಡ, ನೀರೇ ತಕ್ಕಡಿ ಆಗ್ಲಿ ಅಂದ್ಲು ಮಗಳು.

ಮೊದಲು ಹೊಸ ಎಂಜಿನ್. ತಮ್ಮ ಹಗ್ಗ ಎಳೆದ, ಭಾರ ಬಿತ್ತು, ನರಳಿತು. ತೊಟ್ಟಿ ತುಂಬೋಕೆ ಐದು ನಿಮಿಷ. ಸೆಕೆಂಡಿಗೆ ಹತ್ತು ಲೀಟರ್. ಹತ್ತು ಗುಣಿಸು ಎಂಟು, ಭಾಗಿಸು ಎಪ್ಪತ್ತೈದು. ನೀರಿಗೆ ಸಿಕ್ಕಿದ್ದು ಒಂದು ಎಚ್‌ಪಿ ಚಿಲ್ಲರೆ. ನಮ್ಮ ಮನೆಯವರು ಟ್ಯಾಕೋಮೀಟರ್ ಹಿಡಿದು ನೋಡಿದ್ರು, 1350 ಸುತ್ತು.

ಆಮೇಲೆ ಹಳೇದು. ಅಪ್ಪಾಜಿ ದೂರದಾಗೆ ಬೇವಿನ ಮರದ ಕೆಳಗೆ ಕೂತು ಬ್ಯಾರೆ ಕಡೆ ನೋಡ್ತಿದ್ರು. ಇವರು ಹ್ಯಾಂಡಲ್ ತಿರುವಿದ್ರು, ಆಳು ಲಿವರ್ ಬಿಟ್ಟ. ಡಗ್ ಡಗ್ ಡಗ್. ಅಪ್ಪಾಜಿ ಮುಖ ಈ ಕಡೆ ತಿರುಗಿತು. ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ತೊಟ್ಟಿ ತುಂಬಿತು. ಸೆಕೆಂಡಿಗೆ ಹದಿನೈದು ಲೀಟರ್, 1.6 ಎಚ್‌ಪಿ. ಟ್ಯಾಕೋಮೀಟರ್ ಹೆಚ್ಚೂಕಡಿಮೆ 1500 ತೋರಿಸ್ತು, ತಗಡಿನ ಮೇಲೆ ಬರೆದಷ್ಟೇ.

"ನೋಡಿದ್ಯಾ?" ಅಂದ್ರು ಅಪ್ಪಾಜಿ. ತಮ್ಮನಿಗಲ್ಲ, ನನಗೆ. ತಮ್ಮ ತಲೆ ತಗ್ಗಿಸಿ ನಿಂತಿದ್ದ. ಸಾಲದ ಹಣ ನೀರಾಗೆ ಹೋಯ್ತು ಅನ್ನೋ ಮುಖ. ನನಗೆ ಯಾಕಾದ್ರೂ ಬಂದ್ವೋ ಅನ್ನಿಸ್ತು.

ಆಗ ನಮ್ಮ ಮನೆಯವರು ಹೊಸ ಎಂಜಿನ್ನಿನ ಮುಂದೆ ಕುಕ್ಕರಗಾಲಿನಾಗೆ ಕೂತು, "ತಡೀರಿ ಮಾವ, ಇದಕ್ಕೆ ನ್ಯಾಯ ಆಗಿಲ್ಲ" ಅಂದ್ರು. ಕನ್ನಡಕ ಏರಿಸಿ ಸಣ್ಣ ಅಕ್ಷರ ಓದಿದ್ರು. ದೊಡ್ಡದಾಗಿ 6.5 ಎಚ್‌ಪಿ ಅಂತ ಬರೆದಿದ್ರ ಕೆಳಗೆ ಸಣ್ಣಗೆ ಬರೆದಿತ್ತು: 3600 ಆರ್‌ಪಿಎಂ.

"ಈ ಎಂಜಿನ್ನು ನಿಮಿಷಕ್ಕೆ 3600 ಸುತ್ತು ಹೊಡೆದಾಗ ಆರೂವರೆ. ನೀವು ಇದನ್ನ 1350ಕ್ಕೆ ಹಿಡಿದು ಹಾಕೀರಿ. ಇದು ಆರೂವರೆ ಹೆಂಗೆ ಕೊಡ್ತೈತಿ? ಎರಡೂವರೆನೂ ಕೊಡಾಕಿಲ್ಲ."

ಮಗಳು ಅಲ್ಲೇ ಮಣ್ಣಿನ ಮೇಲೆ ಕಡ್ಡಿಯಾಗೆ ಲೆಕ್ಕ ಬರೆದ್ಲು. ಎಚ್‌ಪಿ ಅಂದ್ರೆ ಎರಡರ ಗುಣಾಕಾರ, ತಿರುಚೋ ಬಲ ಮತ್ತು ಸುತ್ತಿನ ವೇಗ. ತಿರುಚೋ ಬಲ ಅಂದ್ರೆ ಬೀಸೋ ಕಲ್ಲಿನ ಗೂಟ ನೆನಪು ಮಾಡಿಕೊಳ್ರಿ. ಗೂಟ ನಡುವಿಂದ ಎಷ್ಟು ದೂರ ಐತಿ, ಅದನ್ನ ಎಷ್ಟು ಜೋರಾಗಿ ದೂಡ್ತೀರಿ, ಎರಡೂ ಸೇರಿ ಆ ಬಲ. ಅಪ್ಪಾಜಿ ಎಂಜಿನ್ನಿನದು 5 ಎಚ್‌ಪಿ 1500 ಸುತ್ತಿಗೆ. ಲೆಕ್ಕ ಹಾಕಿದ್ರೆ ಒಂದು ಮೀಟರ್ ಉದ್ದದ ಸನ್ನೆಯ ತುದ್ಯಾಗೆ 2.4 ಕೆಜಿ ದೂಡಿದಷ್ಟು. ತಮ್ಮನದು 6.5 ಎಚ್‌ಪಿ 3600 ಸುತ್ತಿಗೆ. ಅದೇ ಸನ್ನೆಯ ತುದ್ಯಾಗೆ 1.3 ಕೆಜಿ. ಬಲದಾಗೆ ಹಳೇದು ಹತ್ತಿರ ಹತ್ತಿರ ಎರಡು ಪಟ್ಟು. ವೇಗದಾಗೆ ಹೊಸದು ಎರಡು ಪಟ್ಟಿಗಿಂತ ಜಾಸ್ತಿ. ಹಂಗಾಗಿ ಗುಣಿಸಿದಾಗ ಹೊಸದರ ನಂಬರ್ ದೊಡ್ಡದು.

ತಪ್ಪಾಗಿದ್ದು ಪುಲ್ಲಿಯಾಗೆ. ಹಳೇ ಎಂಜಿನ್ನಿಗೂ ಪಂಪಿಗೂ ಆರಾರು ಇಂಚಿನ ಪುಲ್ಲಿ ಇತ್ತು, ಎಂಜಿನ್ ಒಂದು ಸುತ್ತಿಗೆ ಪಂಪು ಒಂದು ಸುತ್ತು. ಹೊಸ ಎಂಜಿನ್ನಿಗೂ ಅದೇ ಆರು ಇಂಚಿನದು ಕೂಡಿಸಿದ್ರು. ಪಂಪು 1500 ಸುತ್ತಿಗೆ ಕೇಳೋ ಬಲ ಈ ಸಣ್ಣ ಎಂಜಿನ್ನಿನ ಹತ್ರ ಇಲ್ಲ, ಹಂಗಾಗಿ ಅದು ಮೇಲೇಳೋಕೇ ಆಗದೆ 1350ರಾಗೆ ಸಿಕ್ಕಿ ಬಿದ್ದಿತ್ತು. "ಲೇತಿನಾಗೂ ಇದೇ ನೋಡ್ರಿ" ಅಂದ್ರು ನಮ್ಮ ಮನೆಯವರು. "ಮೋಟರ್ ಒಂದೇ. ದಪ್ಪ ಜಾಬ್ ಹಾಕಿದ್ರೆ ಗೇರ್ ಬದಲಿಸಿ ನಿಧಾನಕ್ಕೆ ಬಲವಾಗಿ ತಿರುಗಿಸ್ತೀವಿ, ಸಣ್ಣ ಜಾಬಿಗೆ ಜೋರಾಗಿ. ಗೇರ್ ಅನ್ನೋದು ವೇಗ ಕೊಟ್ಟು ಬಲ ಕೊಳ್ಳೋ ವ್ಯಾಪಾರ."

ಅವತ್ತೇ ಸಂಜೆ ಹಳೇ ಪಿ.ಬಿ. ರಸ್ತೆ ಕಡೆಯ ಒಂದು ವರ್ಕ್‌ಶಾಪಿನಾಗೆ ಇವರೇ ನಿಂತು ಮೂರು ಇಂಚಿನ ಪುಲ್ಲಿ ಕಡೆಸಿದ್ರು. ಸೋಮವಾರ ಬೆಳಿಗ್ಗೆ ಕೂಡಿಸಿದ್ರು. ಈಗ ಎಂಜಿನ್ನು ಎರಡು ಸುತ್ತು ಹೊಡೆದ್ರೆ ಪಂಪು ಒಂದು ಸುತ್ತು. ಹಗ್ಗ ಎಳೆದ ಕೂಡಲೇ ಜುಂಯ್ ಅಂದದ್ದು ಭಾರ ಬಿದ್ರೂ ಜುಂಯ್ ಅಂತಾನೇ ಇತ್ತು. ಎಂಜಿನ್ 3000, ಪಂಪು 1500. ತೊಟ್ಟಿ ತುಂಬಿದ್ದು ಮೂರು ನಿಮಿಷ ಇಪ್ಪತ್ತೈದು ಸೆಕೆಂಡಿಗೆ. ಹಳೇದರಕ್ಕಿಂತ ಐದು ಸೆಕೆಂಡ್ ಜಾಸ್ತಿ, ಅಷ್ಟೇ.

ತಮ್ಮ ಮೂಗು ಸೀನಿಕಂಡು ಆ ಕಡೆ ತಿರುಗಿದ. ಅಪ್ಪಾಜಿ ಎದ್ದು ಬಂದು ಪೈಪಿನ ಬಾಯಿಗೆ ಕೈ ಒಡ್ಡಿದ್ರು, ನೀರಿನ ಹೊಡೆತ ನೋಡೋ ಹಂಗೆ. "ಪರವಾಗಿಲ್ಲ, ಓಡ್ತೈತಿ" ಅಂದ್ರು. ಆಮೇಲೆ, "ಪೆಟ್ರೋಲ್ ಎಷ್ಟು ಕುಡೀತೈತಲೇ ಇದು?" ಹನ್ನೊಂದು ದಿನದ ಮೇಲೆ ಮಗನಿಗೆ ಕೇಳಿದ ಮೊದಲ ಮಾತು ಅದು. ತಮ್ಮ ಅಂದ, "ತಾಸಿಗೆ ಒಂದೂಕಾಲು ಲೀಟರ್ ಆಗಬಹುದು ಅಪ್ಪಾಜಿ. ನಿಮ್ಮದು ಮುಕ್ಕಾಲು ಲೀಟರ್ ಡೀಸೆಲ್ಲಿಗೇ ಇಷ್ಟು ನೀರು ಹಾಕ್ತೈತಿ." ಅಪ್ಪಾಜಿಗೆ ಅಷ್ಟೇ ಸಾಕಾಗಿತ್ತು.

ಆ ವಾರ ಎರಡೂ ಎಂಜಿನ್ ಓಡಿದವು. ಹಗಲು ಆಳು ಇದ್ದಾಗ ಹ್ಯಾಂಡಲ್ ತಿರುವಿ ಹಳೇದು, ತಮ್ಮ ಒಬ್ಬನೇ ಇದ್ದಾಗ ಹೊಸದು. ಪುಸ್ತಕದಾಗೆ ಬರೆದಂಗೆ ಹೊಸದಕ್ಕೆ ನಡುನಡುವೆ ವಿಶ್ರಾಂತಿ ಕೊಟ್ರು. ನಂಬರಿನಷ್ಟು ಪೂರ್ತಿ ಕೆಲಸ ದಿನವಿಡೀ ಅದರಿಂದ ಕಿತ್ತುಕೊಳ್ಳಬಾರದಂತೆ. ಅದು ಓಟದ ಹುಡುಗ, ಹಳೇದು ಹೇರಿನ ಎತ್ತು. ಕೆಳಗಿನ ಮಡಿಗೆ ನೀರು ಮುಟ್ಟಿತು. ಅಂಚಿನಾಗೆ ಒಂದು ಕಾಲು ಎಕರೆ ಜೊಳ್ಳಾಯ್ತು, ಉಳಿದದ್ದು ಕೈಗೆ ಬಂತು. ಗುಜರಿಯವನು ಬಂದಿದ್ದಕ್ಕೆ ತಮ್ಮನೇ, "ಇಲ್ಲಪ್ಪ, ಅದು ಕೊಡೋದಲ್ಲ" ಅಂತ ಚಾ ಕೊಟ್ಟು ಕಳಿಸಿದ.

ಊರಿಂದ ಬರೋ ಮುಂಚೆ ನಾನು ಹಿತ್ತಲಿನ ಬಾವಿ ಹತ್ರ ಹೋಗಿ ನಿಂತಿದ್ದೆ. ಈಗ ಅದಕ್ಕೆ ಕಬ್ಬಿಣದ ಜಾಲರಿ ಹಾಕ್ಯಾರೆ. ನಾನು ಸಣ್ಣಾಕಿ ಇದ್ದಾಗ ಅವ್ವ ದಿನಾ ಬೆಳಿಗ್ಗೆ ಅರ್ಧ ತಾಸು ಅಲ್ಲಿ ನೀರು ಸೇದ್ತಿದ್ಲು. ನೀರು ಹತ್ತು ಮೀಟರ್ ಕೆಳಗೆ. ಹದಿನೈದು ಲೀಟರಿನ ಕೊಡ, ಒಂದು ಕೊಡಕ್ಕೆ ಅರ್ಧ ನಿಮಿಷ. ಕೈಯಾಗೆ ಹೊಸ ವಿದ್ಯೆ ಇತ್ತಲ್ಲ, ಲೆಕ್ಕ ಹಾಕೇ ಬಿಟ್ಟೆ. ಹದಿನೈದು ಗುಣಿಸು ಹತ್ತು, ಭಾಗಿಸು ಮೂವತ್ತು, ಐದು. ಎಪ್ಪತ್ತೈದರಾಗೆ ಐದು. ಅವ್ವ ಹದಿನೈದನೇ ಒಂದು ಎಚ್‌ಪಿ. ಒಂದು ಸಣ್ಣ ಬಲ್ಬಿನಷ್ಟು, 50 ವ್ಯಾಟ್.

ದಿನಕ್ಕೆ ಅರ್ಧ ತಾಸಿಗೆ 25 ವ್ಯಾಟ್-ಅವರ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಆಗೋಕೆ ನಲವತ್ತು ದಿನ. ವರ್ಷಕ್ಕೆ ಒಂಬತ್ತು ಯೂನಿಟ್. ಇಪ್ಪತ್ತೆರಡು ವರ್ಷ ಸೇದಿದ್ಲು ಅವ್ವ, ಊರಿಗೆ ನಲ್ಲಿ ಬರೋ ತನಕ. ಎಲ್ಲ ಕೂಡಿದ್ರೆ 200 ಯೂನಿಟ್. ಗೃಹಜ್ಯೋತಿಯಾಗೆ ಒಂದು ತಿಂಗಳಿಗೆ ಪುಕ್ಕಟೆ ಕೊಡೋ ಗರಿಷ್ಠ ಕರೆಂಟು ಅಷ್ಟೇ.

ಮೊದಲು ಮನಸ್ಸಿಗೆ ಭಾಳ ಸಂಕಟ ಆಯ್ತು. ಇಷ್ಟೇನಾ ಅಂತ. ದಾರ್ಯಾಗೆ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ, ನೀನು ಅಳೆದದ್ದು ನೀರನ್ನ. ಅಜ್ಜಿಯನ್ನಲ್ಲ" ಅಂದ್ಲು. "ಹಗ್ಗದ ತೂಕ, ಗಡಗಡೆ ತಿಕ್ಕಾಟ, ಬಗ್ಗಿ ಎದ್ದಿದ್ದು, ಬಸುರಿ ಇದ್ದಾಗ ಸೇದಿದ್ದು, ಯಾವುದೂ ಆ 200ರಾಗೆ ಇಲ್ಲ. ಅದು ಟ್ಯಾಂಕಿನ ತುದಿಗೆ ಅಳೆದ ನಂಬರು."

ಅದೂ ಸರಿನೇ. ನಮ್ಮ ಸಂಪಿನ ಮೋಟರಿನಾಗೇ ನಾಲ್ಕು ಪಾಲಿನಾಗೆ ಒಂದು ಪಾಲು ತಾನೇ ನೀರಿಗೆ ಸಿಗೋದು. ಉಳಿದದ್ದು ಎಲ್ಲಿ ಹೋಯ್ತು ಅಂತ ತೊಟ್ಟಿಗೆ ಗೊತ್ತಿಲ್ಲ.

ಈಗ ಊರಿನ ಎಂಜಿನ್ ಮನೆ ಗೋಡೆ ಮೇಲೆ ತಮ್ಮ ಸುಣ್ಣದಾಗೆ ಬರೆದು ಇಟ್ಟಾನೆ: ಹಳೇದು 1500, ಆರು ಇಂಚು, 3 ನಿಮಿಷ 20 ಸೆಕೆಂಡ್. ಹೊಸದು 3000, ಮೂರು ಇಂಚು, 3 ನಿಮಿಷ 25 ಸೆಕೆಂಡ್. ಐದು ಅಂತಾಗ್ಲಿ ಆರೂವರೆ ಅಂತಾಗ್ಲಿ ಎಲ್ಲೂ ಬರೆದಿಲ್ಲ. ಅಪ್ಪಾಜಿ ಬಂದೋರಿಗೆಲ್ಲ ಆ ಗೋಡೆ ತೋರಿಸ್ತಾರೆ, "ಎಷ್ಟು ಎಚ್‌ಪಿ ಅಂತ ಕೇಳಬ್ಯಾಡ್ರಿ, ಎಷ್ಟು ಸುತ್ತಿಗೆ ಅಂತ ಕೇಳ್ರಿ" ಅಂತಾರೆ, ತಾವೇ ಕಂಡುಹಿಡಿದ ಹಂಗೆ. ತಮ್ಮ ಪಕ್ಕಕ್ಕೆ ನಿಂತು ಹೂಂ ಅಂತಾನೆ.

ನಿಮ್ಮ ಮನ್ಯಾಗೂ ಮೋಟರ್ ಇದ್ದೇ ಇರ್ತೈತಿ. ನಾಳೆ ಬೆಳಿಗ್ಗೆ ಟ್ಯಾಂಕು ತುಂಬೋಕೆ ಎಷ್ಟು ನಿಮಿಷ ಹಿಡೀತೈತಿ ಅಂತ ಒಂದು ಸಲ ಗಡಿಯಾರ ನೋಡ್ರಿ. ಲೀಟರ್ ಗುಣಿಸು ಮೀಟರ್, ಭಾಗಿಸು ಸೆಕೆಂಡ್, ಮತ್ತೆ ಭಾಗಿಸು ಎಪ್ಪತ್ತೈದು. ಆರು ತಿಂಗಳ ಮೇಲೆ ಮತ್ತೊಂದು ಸಲ ನೋಡ್ರಿ. ನಿಮಿಷ ಜಾಸ್ತಿ ಆಗಿದ್ರೆ ಮೋಟರ್ ರಿಪೇರಿಯವನನ್ನ ಕರೆಯೋ ಹೊತ್ತು ಬಂತು ಅಂತ ತಿಳ್ಕೊಳ್ರಿ. ನಾನಂತೂ ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಬರೆದು ಇಟ್ಟೀನಿ: 18 ನಿಮಿಷ.